ಪೊಟರೆ ಕೇಳಿದ್ರು, ಮರ ಕೇಳಲಿಲ್ಲ

ಲೇ ಮಕ್ಳಾ, ಹತ್ರ ಬನ್ನಿ. ಈ ಕತೇಲಿ ರಾಜ ಇಲ್ಲ, ಸಿಂಹ ಇಲ್ಲ, ಕೊನೇಲಿ ಎಲ್ರೂ ಸುಖವಾಗಿದ್ರು ಅನ್ನೋ ಮಾತೂ ಇಲ್ಲ. ಅಂಥದ್ದು ಬೇಕು ಅನ್ನೋರು ಈಗ್ಲೇ ಎದ್ದು ಹೋಗಿ. ಆಮೇಲೆ ಮೂಗು ಒರೆಸ್ಕೊಂಡು ನನ್ನ ಮೇಲೆ ದೂರು ಹೇಳ್ಬೇಡಿ.

ಇದು ಮರದ ಕತೆ. ಮರದ ವಿಷ್ಯದಲ್ಲಿ ನನ್ನ ಮೀರ್ಸೋನು ಈ ಸೀಮೇಲಿ ಇನ್ನೂ ಹುಟ್ಟಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಕಾಡಲ್ಲಿ ಬಿಡಿ, ಬರೀ ತಟ್ಟಿ ನೋಡಿ ಹೇಳ್ತೀನಿ, ಇದು ಮತ್ತಿ, ಇದು ಹೊನ್ನೆ, ಇದು ನಾಳಿದ್ದು ಬೀಳೋ ಮರ ಅಂತ. ಸ್ಕೂಲಲ್ಲಿ ಕಲ್ತಿದ್ದಲ್ಲ ಅದು. ಸ್ಕೂಲಿಗೆ ನಾನು ಹೋಗಿದ್ದೇ ಕಮ್ಮಿ. ಹೋದ ದಿನ ಮೇಷ್ಟ್ರಿಗೇ ತೊಂದ್ರೆ ಆಗ್ತಿತ್ತು.

ಸರಿ, ಕೇಳಿ. ಕಲ್ಲಳ್ಳ ಅಂತ ಒಂದು ಹಳ್ಳ. ಹಳ್ಳದ ದಂಡೇಲಿ ಕಾಡು. ಆ ಕಾಡಲ್ಲಿ ಒಂದು ತಾರೆ ಮರ. ಆನೆ ಬಂದು ಬೆನ್ನು ಉಜ್ಜಿದ್ರೂ ಅಲ್ಲಾಡಲ್ಲ, ಅಂಥಾ ಮರ. ನೋಡೋಕೆ. ನೋಡೋಕೆ ಅಂದೆ, ನೆನಪಿಟ್ಕೊಳ್ಳಿ.

ಆ ಮರದ ಯಜಮಾನ ಒಂದು ಮಂಗಟ್ಟೆ ಹಕ್ಕಿ. ಮಂಗಟ್ಟೆ ನೋಡಿದೀರೇನ್ರೋ? ಬಾಳೆಕಾಯಿ ಸಿಗ್ಸಿದಂಗೆ ಕೊಕ್ಕು. ಹಾರಿದ್ರೆ ರೆಕ್ಕೆ ಸದ್ದು ಅಲ್ಲೆಲ್ಲೋ ಲಾರಿ ಬಂದಂಗೆ ಕೇಳುತ್ತೆ. ಆದ್ರೆ ಅಷ್ಟು ದೊಡ್ಡ ಕೊಕ್ಕು ಇಟ್ಕೊಂಡೂ ಅದಕ್ಕೆ ಒಂದು ಪೊಟರೆ ತೋಡೋಕೆ ಬರಲ್ಲ. ಮರದಲ್ಲಿ ತೂತು ಕೊರೆಯೋ ಕೆಲಸಕ್ಕೆ ಆಳು ಬೇಕು. ಆಳು ಅಂದ್ರೆ ಯಾರು? ಮರಕುಟಿಗ.

ಅಲ್ಲೊಬ್ಬ ಮರಕುಟಿಗ ಇದ್ದ, ಕೆಂಚ ಅಂತ. ತಲೆ ಮೇಲೆ ಕೆಂಪು ಜುಟ್ಟು. ಕೆಲಸದಲ್ಲಿ ಒಂದು ಹುಲ್ಲಷ್ಟೂ ತಪ್ಪು ಹುಡುಕೋ ಹಂಗಿರ್ಲಿಲ್ಲ. ತೋರ್ಸಿದ ಕಡೆ ಕುಟ್ಟೋನು, ತೋರ್ಸಿದಷ್ಟು ಕುಟ್ಟೋನು, ನಿಲ್ಸು ಅಂದ್ರೆ ನಿಲ್ಸೋನು. ಅವನ ಹೆಂಡ್ತಿ ಹೆಸರು ಚುಕ್ಕಿ.

ಬೇಸಿಗೆ ಶುರುವಾಗೋ ಹೊತ್ತಿಗೆ ಯಜಮಾನ ಕೆಂಚನ್ನ ಕರೆಸ್ದ.

"ನೋಡೋ ಕೆಂಚ, ಈ ಸಲ ಅಮ್ಮಾವ್ರು ಇಲ್ಲೇ ಮೊಟ್ಟೆ ಇಡ್ತಾರೆ. ಮೇಲೆ ಆ ಮುರಿದ ಕೊಂಬೆ ಹತ್ರ ಒಂದು ಪೊಟರೆ ತೋಡು. ಅವರು ಆರಾಮಾಗಿ ಕೂರೋ ಹಂಗಿರ್ಬೇಕು."

"ಆಗ್ಲಿ ಯಜಮಾನ್ರೆ."

"ದಿನಾ ನಿಂಗೆ ಅತ್ತಿಹಣ್ಣು ತಂದ್ಕೊಡ್ತೀನಿ. ಕೆಳಗಡೆ ಎಲ್ಲಾದ್ರೂ ನಿಂಗೂ ಒಂದು ಪೊಟರೆ ಮಾಡ್ಕೋ, ನೀನೂ ಮರಿ ಮಾಡೋ ಕಾಲ. ಒಂದೇ ಮಾತು ನಂದು. ನಿನ್ನದೇ ಮರ ಅಂದ್ಕೊಂಡು ಕೆಲಸ ಮಾಡು."

"ಹೂಂ ಯಜಮಾನ್ರೆ."

ಮನೆಗೆ ಬಂದು ಹೆಂಡ್ತಿ ಹತ್ರ ಬಿದ್ದು ಬಿದ್ದು ನಕ್ಕ. "ಕೇಳ್ದೇನೇ ಚುಕ್ಕಿ? ನಿನ್ನದೇ ಮರ ಅಂದ್ಕೋಬೇಕಂತೆ! ಅಂದ್ಕೊಂಡ್ರೆ ನಂಗೇ ಬಿಟ್ಕೊಟ್ಬಿಡ್ತಾರಾ? ಇವೆಲ್ಲ ಆಳು ಹತ್ರ ಜಾಸ್ತಿ ಕೆಲಸ ತೆಗಿಯೋ ಮಾತು ಕಣೇ. ನಾನು ಕೊಕ್ಕು ಕೊಡ್ತೀನಿ, ಅವರು ಹಣ್ಣು ಕೊಡ್ತಾರೆ. ಅಲ್ಲಿಗೆ ಮುಗೀತು."

"ಅದು ಸರಿ, ಆದ್ರೆ ಈ ಸಲ ನಮ್ಮ ಮನೇನೂ ಅದೇ ಮರದಲ್ಲಿ ಅಲ್ವಾ?" ಅಂದ್ಲು ಚುಕ್ಕಿ.

"ಮನೆ ಬೇರೆ, ಕೆಲಸ ಬೇರೆ" ಅಂದ ಕೆಂಚ.

ಈಗ ಮಂಗಟ್ಟೆಗಳ ಒಂದು ಪದ್ಧತಿ ಹೇಳ್ಬೇಕು ನಿಮ್ಗೆ, ಇಲ್ದಿದ್ರೆ ಕತೆ ಅರ್ಥ ಆಗಲ್ಲ. ಮೊಟ್ಟೆ ಇಡೋ ಕಾಲಕ್ಕೆ ಹೆಣ್ಣು ಮಂಗಟ್ಟೆ ಪೊಟರೆ ಒಳಗೆ ಹೋಗಿ ಕೂತ್ಬಿಡುತ್ತೆ. ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಬಿಡ್ತಾರೆ. ಬರೀ ಒಂದು ಸೀಳು ಬಿಟ್ಟಿರ್ತಾರೆ, ಕೊಕ್ಕು ತೂರೋವಷ್ಟು. ಗಂಡು ಗಂಟಲಲ್ಲಿ ಹಣ್ಣು ತುಂಬ್ಕೊಂಡು ಬಂದು ಆ ಸೀಳಲ್ಲಿ ಒಂದೊಂದೇ ಕೊಡುತ್ತೆ. ಒಳಗೆ ಕೂತೋಳ ರೆಕ್ಕೆ ಗರಿಗಳೆಲ್ಲ ಉದುರಿ ಹೋಗ್ತವೆ. ಮರಿ ದೊಡ್ಡದಾಗೋ ತನಕ ಅವಳು ಆಚೆ ಬರೋ ಹಂಗಿಲ್ಲ, ಹಾರೋ ಹಂಗೂ ಇಲ್ಲ. ಅಂದ್ರೆ ಆಕೆ ಜೀವ ಪೂರ್ತಿ ಹೊರಗಿರೋರ ಕೈಲಿ. ಯೋಚ್ನೆ ಮಾಡಿ, ಎಷ್ಟು ನಂಬಿಕೆ ಬೇಕು ಅದಕ್ಕೆ.

ಬಾಗಿಲು ಮೆತ್ತೋಕೆ ಮಣ್ಣು ತರೋ ಕೆಲಸ ಒಂದು ಕುಟ್ರ ಹಕ್ಕಿಗೆ ಕೊಟ್ಟಿದ್ರು. ಹಸಿರು ಮೈ, ದಪ್ಪ ಕೊಕ್ಕು, ಬಾಯಿ ಒಂದು ಗಳಿಗೆ ಸುಮ್ನಿರಲ್ಲ. ಎಲ್ರೂ ಕುಟ್ರಕ್ಕ ಅಂತಿದ್ರು. ಅವಳೂ ಆಳೇ, ಕೆಂಚನ ಹಂಗೇ ಹಣ್ಣಿಗೆ ದುಡಿಯೋಳು. ಆದ್ರೆ ಕೆಲಸ ಮಾಡೋ ರೀತಿ ಬೇರೆ.

ಮೊದಲ ದಿನ ಹಳ್ಳದ ಈ ದಡದ ಮಣ್ಣು ತಂದ್ಲು. ಪರೀಕ್ಷೆಗೆ ಅಂತ ಒಂದು ಕೊಂಬೆ ಮೇಲೆ ಮೆತ್ತಿ ನೋಡಿದ್ಲು, ಬಿಸಿಲಿಗೆ ಬಿರುಕು ಬಿಡ್ತು. ಯಾರೂ ಏನೂ ಅನ್ನಲಿಲ್ಲ, ಯಾರೂ ನೋಡಿರ್ಲೂ ಇಲ್ಲ. ಆದ್ರೂ ತಾನೇ ಕಿತ್ತು ಬಿಸಾಕಿ, ಆ ದಡಕ್ಕೆ ಹೋಗಿ ಜಿಗುಟು ಮಣ್ಣು ತಂದ್ಲು. ಅದಕ್ಕೆ ಮರದ ಅಂಟು ಕಲಸಿದ್ಲು. ಮತ್ತೆ ಮೆತ್ತಿದ್ಲು. ಕಲ್ಲಾಯ್ತು ಕಣ್ರೋ, ಕಲ್ಲು!

ಕೆಂಚ ಅವಳನ್ನ ರೇಗಿಸ್ದ. "ಏನಕ್ಕ, ಮಣ್ಣಿಗೆ ಮಸಾಲೆ ಬೇರೆ ಹಾಕ್ತಿದೀಯ! ಯಜಮಾನ್ರು ಹೇಳಿದ್ರಾ?"

"ಅವರೇನು ಹೇಳ್ತಾರೆ, ಅವರು ಮಣ್ಣು ಕಲಸಿದೋರಾ? ಕೈ ಇಟ್ಟೋಳು ನಾನು, ಗೊತ್ತಾಗೋದು ನಂಗೆ."

"ಅದಕ್ಕೆ ಎರಡು ಹಣ್ಣು ಜಾಸ್ತಿ ಕೊಡ್ತಾರೇನು?"

"ಕೊಟ್ರೂ ಸರಿ, ಕೊಡದಿದ್ರೂ ಸರಿ. ಅಂಟು ಕಲಸೋದು ಕಲ್ತೆ ಅಲ್ವೇನೋ? ಅದನ್ನ ಯಜಮಾನ್ರು ಕಿತ್ಕೊಳ್ಳೋಕೆ ಆಗುತ್ತಾ? ನಾಳೆ ನನ್ನ ಮನೆಗೆ ನಾನೇ ಮೆತ್ಕೋತೀನಿ. ನಾಡಿದ್ದು ಇನ್ನೊಬ್ರ ಮನೆಗೆ ನಾನೇ ಬಾಯಿ ಬಿಟ್ಟು ಕೇಳ್ತೀನಿ, ನಿಮ್ಮ ಬಾಗಿಲು ನಾನು ಮೆತ್ಲಾ ಅಂತ."

"ಅಬ್ಬಬ್ಬಾ, ದೊಡ್ಡ ಯಜಮಾನಿ!" ಅಂತ ಕೆಂಚ ಜುಟ್ಟು ಅಲ್ಲಾಡಿಸ್ಕೊಂಡು ಹೋದ.

ಮೇಲಿನ ಪೊಟರೆ ಮುಗೀತು. ಕೆಂಚ ತನ್ನ ಪೊಟರೆ ತೋಡೋಕೆ ಮರದ ಕೆಳಗಡೆ ಬಂದ. ಹಳ್ಳದ ಕಡೆ ಮುಖ ಮಾಡಿ ಮೊದಲ ಏಟು ಹಾಕ್ದ.

ಒಳ್ಳೆ ಮರ ಹೆಂಗೆ ಕೂಗುತ್ತೆ ಗೊತ್ತಾ? ಟಣ್. ಇದು ಹಂಗೆ ಕೂಗ್ಲಿಲ್ಲ. ಡೊಬ್ ಅಂತು.

ಕೆಂಚ ನಿಂತ. ಸ್ವಲ್ಪ ಕೆಳಗೆ ಕುಟ್ದ. ಡೊಬ್. ಪಕ್ಕಕ್ಕೆ ಕುಟ್ದ. ಡೊಬ್. ಕೊಕ್ಕು ಹಾಕಿ ಕೆದಕ್ದ. ಒಳಗಿಂದ ರಾಗಿ ಹಿಟ್ಟು ಸುರಿದಂಗೆ ಪುಡಿ ಸುರೀತು. ಹಳ್ಳದ ಕಡೆ ಅರ್ಧ ಮರ ಗೆದ್ಲು ತಿಂದು ಟೊಳ್ಳಾಗಿತ್ತು. ಮೇಲಿಂದ ನೋಡಿದೋರಿಗೆ ಗೊತ್ತಾಗಲ್ಲ. ಸಿಪ್ಪೆ ನುಣ್ಣಗೈತೆ, ಎಲೆ ಹಸಿರಾಗೈತೆ. ಕುಟ್ಟಿದೋನಿಗೆ ಮಾತ್ರ ಗೊತ್ತು. ಆ ಕಾಡಲ್ಲಿ ಅದು ಗೊತ್ತಿದ್ದೋನು ಆ ಹೊತ್ತಲ್ಲಿ ಕೆಂಚ ಒಬ್ನೇ.

ಕೊಂಬೆ ಮೇಲೆ ಕೂತು ಯೋಚ್ನೆ ಮಾಡ್ದ. "ಹೇಳಿದ್ರೆ ಏನಾಗುತ್ತೆ? ಬೇರೆ ಮರ ಹುಡ್ಕು ಅಂತಾರೆ. ಹುಡುಕೋನ್ಯಾರು? ನಾನೇ. ಮತ್ತೆ ಮೊದಲಿಂದ ಕುಟ್ಟೋನ್ಯಾರು? ನಾನೇ. ಮೊದಲೇ ಯಾಕೆ ತಟ್ಟಿ ನೋಡ್ಲಿಲ್ಲ ಅಂತ ಬೈಸ್ಕೊಳ್ಳೋನ್ಯಾರು? ಅದೂ ನಾನೇ. ಮರ ಯಾರದ್ದು? ಅವರದ್ದು. ಅವರದ್ದು ಅಂದ್ಮೇಲೆ ಅವರೇ ನೋಡ್ಕೊಳ್ಳಿ. ಇಷ್ಟು ವರ್ಷ ನಿಂತಿರೋ ಮರ, ಈ ಒಂದು ಸಲ ನಿಲ್ಲಲ್ವಾ?"

ಹಂಗಂದ್ಕೊಂಡು ಮರದ ಆಚೆ ಬದಿಗೆ ಹೋದ. ಅಲ್ಲಿ ಕುಟ್ದ. ಟಣ್. ಆ ಗಟ್ಟಿ ಕಡೇಲಿ ತನ್ನ ಪೊಟರೆ ತೋಡ್ಕೊಂಡ. ನೋಡಿ ಜಾಣತನ! ತನ್ನ ಮನೆಗೆ ಮಾತ್ರ ಗಟ್ಟಿ ಕಡೆ. ಕೆದಕಿದ ತೂತಿಗೆ ಒಂದಿಷ್ಟು ಪಾಚಿ ತುರುಕಿ ಮುಚ್ಚಿಬಿಟ್ಟ. ಚುಕ್ಕಿಗೂ ಹೇಳ್ಲಿಲ್ಲ.

ಮಾರನೇ ಬೆಳಿಗ್ಗೆ ಯಜಮಾನ ಬಂದ. ಮೇಲಿನ ಪೊಟರೇಲಿ ತಲೆ ಹಾಕಿ ನೋಡಿ, "ಪೊಟರೆ ಹೆಂಗಿದೆಯೋ ಕೆಂಚ?" ಅಂದ.

"ಭೇಷಾಗೈತೆ ಯಜಮಾನ್ರೆ. ಇಂಥಾ ಪೊಟರೆ ಈ ಕಾಡಲ್ಲೇ ಇಲ್ಲ."

ಸುಳ್ಳೇನು ಹೇಳ್ಲಿಲ್ಲ ಅವ್ನು. ಪೊಟರೆ ಚೆನ್ನಾಗೇ ಇತ್ತು.

ಯಜಮಾನ ಆ ಕಡೆ ಹೋದ ತಕ್ಷಣ ಕುಟ್ರಕ್ಕ ಬಂದ್ಲು. ಅವಳ ಬಾಯಿ ಸುಮ್ನಿರಲ್ಲ ಅಂದ್ನಲ್ಲ.

"ಕೆಂಚ, ನಾಳೆ ಬಾಗಿಲು ಮೆತ್ತೋದು. ಒಂದ್ಸಲ ಮೆತ್ತಿದ್ರೆ ತೆಗೆಯೋ ಹಂಗಿಲ್ಲ. ಮರ ಸುತ್ತ ತಟ್ಟಿ ನೋಡಿದೀಯೇನೋ?"

ಇಲ್ಲಿ ಒಂದು ಮಾತು ಸಾಕಾಗಿತ್ತು ಕಣ್ರೋ. ಒಂದೇ ಒಂದು ಮಾತು.

"ನಿನ್ನ ಕೆಲಸ ಮಣ್ಣು. ನೀನು ಮಣ್ಣು ನೋಡ್ಕೊ. ಮರ ನನ್ನ ಇಲಾಖೆ" ಅಂದ ಕೆಂಚ.

"ಸರಿ ಬಿಡಪ್ಪ. ಮರದ ವಿಷ್ಯ ನಿಂಗಿಂತ ಯಾರಿಗೆ ಗೊತ್ತು" ಅಂದು ಹೋದ್ಲು.

ಮಾರನೇ ದಿನ ಅಮ್ಮಾವ್ರು ಬಂದ್ರು. ಒಳಗೆ ಹೋಗೋ ಮುಂಚೆ ಬಾಗಿಲಲ್ಲಿ ನಿಂತು ಹಳ್ಳ ನೋಡಿದ್ರು, ಆಕಾಶ ನೋಡಿದ್ರು. ಮುಚ್ಚಿದ್ಮೇಲೆ ಇದೆಲ್ಲ ಕಾಣಲ್ಲ ನೋಡಿ. ಆಮೇಲೆ ಕೆಂಚನ್ನ ಕರೆದ್ರು.

"ಕೆಂಚಪ್ಪಾ, ಯಜಮಾನ್ರು ಹಣ್ಣಿಗೆ ಗುಡ್ಡದಾಚೆ ಹೋಗ್ತಿರ್ತಾರೆ. ಹಗಲೆಲ್ಲ ಹತ್ರ ಇರೋನು ನೀನು. ನಿನ್ನ ನಂಬ್ಕೊಂಡು ಒಳಗೆ ಹೋಗ್ತಿದೀನಿ ಕಣಪ್ಪಾ."

"ನೀವು ನೆಮ್ಮದಿಯಾಗಿರಿ ಅಮ್ಮಾ" ಅಂದ ಕೆಂಚ. ಅವನ ಕಣ್ಣು ಮಾತ್ರ ಕೆಳಗೆ ಆ ಪಾಚಿ ತುರುಕಿದ ಕಡೆ ಹೋಯ್ತು.

ಕುಟ್ರಕ್ಕ ಬಾಗಿಲು ಮೆತ್ತಿದ್ಲು. ಒಳಗಿಂದ ಅಮ್ಮಾವ್ರು, ಹೊರಗಿಂದ ಅವಳು. ಸಂಜೆಗೆ ಕಲ್ಲಾಯ್ತು.

ಬೇಸಿಗೆ ಏರ್ತು. ಮೇಲೆ ಮೊಟ್ಟೆ ಒಡೆದು ಮಂಗಟ್ಟೆ ಮರಿ ಆಚೆ ಬಂತು. ಕೆಳಗೆ ಚುಕ್ಕಿಯ ಮರಿಗಳೂ ಕಣ್ಣು ಬಿಟ್ವು. ಮೈ ಮೇಲೆ ಗರಿ ಇಲ್ಲ, ಬಾಯಿ ಮಾತ್ರ ಯಾವಾಗ್ಲೂ ತೆರೆದಿರೋದು. ಕೆಂಚ ಅವಕ್ಕೆ ಇರುವೆ ಮೊಟ್ಟೆ ತಂದು ತಂದು ಹಾಕೋನು. ಮರಿಗಳ ಮೇಲೆ ಪ್ರಾಣ ಅವನಿಗೆ. ಅದನ್ನೂ ಹೇಳ್ಬೇಕು, ಕೆಟ್ಟೋನಲ್ಲ ಅವ್ನು. ಕೆಟ್ಟೋನಾಗಿದ್ರೆ ಈ ಕತೆ ನಾನು ಯಾಕೆ ಹೇಳ್ತಿದ್ದೆ?

ಗಾಳಿ ಬೀಸಿದಾಗೆಲ್ಲ ಮರ ನರಳೋಕೆ ಶುರು ಮಾಡ್ತು. ಕಿರ್ ಅಂತ ಒಂದು ಸದ್ದು, ಬುಡದಿಂದ.

"ಏನ್ರೀ ಅದು ಸದ್ದು?" ಅಂದ್ಲು ಚುಕ್ಕಿ.

"ಮರ ಅಂದ್ಮೇಲೆ ಸದ್ದು ಮಾಡುತ್ತೆ. ಮೂಕ ಮರ ಎಲ್ಲಾದ್ರೂ ನೋಡಿದೀಯಾ?"

"ಪಕ್ಕದಲ್ಲಿ ಆ ಹಾಲುವಾಣದ ಮರ ಐತಲ್ಲ, ಕುಟ್ರಕ್ಕ ಅದರಲ್ಲಿ ತನಗೊಂದು ಪೊಟರೆ ಮಾಡ್ಕೊಂಡವಳೆ. ಯಾರೂ ಹೇಳ್ದೆ, ಬಿಡುವಾದಾಗ ಸ್ವಲ್ಪ ಸ್ವಲ್ಪ ಕೊರೆದು. ನೀವೂ ಅಲ್ಲೇ ಪಕ್ಕದಲ್ಲಿ ಒಂದು ತೋಡಿಡಿ. ಮುಂದಿನ ಸಲಕ್ಕಾದ್ರೂ ನಮ್ದು ಅಂತ ಇರ್ಲಿ."

"ಯಾರೂ ಹೇಳ್ದೆ ಇರೋ ಕೆಲಸಕ್ಕೆ ಕೊಕ್ಕು ಸವೆಸೋಕೆ ನಂಗೇನು ಹುಚ್ಚಾ?"

ಆದ್ರೆ ರಾತ್ರಿ ಆ ಕಿರ್ ಸದ್ದಿಗೆ ಅವನಿಗೆ ನಿದ್ದೆ ಬರ್ತಿರ್ಲಿಲ್ಲ. ಒಂದಿನ ಗಟ್ಟಿ ಮನಸ್ಸು ಮಾಡ್ದ, ಇವತ್ತು ಹೇಳೇಬಿಡೋದು ಅಂತ. ಯಜಮಾನ ಗಂಟಲು ತುಂಬ ಹಣ್ಣು ತುಂಬ್ಕೊಂಡು ಬಂದ, ಸೀಳಲ್ಲಿ ಒಂದೊಂದೇ ಕೊಟ್ಟ. ಕೊನೇ ಹಣ್ಣು ಕೆಂಚನಿಗೆ ಕೊಟ್ಟ.

"ಯಜಮಾನ್ರೆ..."

"ಏನೋ?"

ಆಗ ಹೊಳೀತು ಅವನಿಗೆ. ಈಗ ಹೇಳಿದ್ರೆ ಮೊದಲ ಪ್ರಶ್ನೆ ಏನು ಬರುತ್ತೆ? ಬಾಗಿಲು ಮೆತ್ತೋ ಮುಂಚೆ ಯಾಕೆ ಬೊಗಳ್ಲಿಲ್ಲ ಅಂತಾರೆ. ಪಾಚಿ ತುರುಕಿದ್ದೂ ಆಚೆ ಬರುತ್ತೆ. ತನ್ನ ಪೊಟರೆ ಮಾತ್ರ ಗಟ್ಟಿ ಕಡೆ ಯಾಕೆ ಐತೆ ಅನ್ನೋದೂ ಆಚೆ ಬರುತ್ತೆ.

"ಏನಿಲ್ಲ ಯಜಮಾನ್ರೆ. ಹಣ್ಣು ಸಿಹಿಯಾಗೈತೆ."

"ಹೌದೇನೋ? ನಾಳೆ ಇನ್ನೊಂದು ಜಾಸ್ತಿ ತರ್ತೀನಿ ಬಿಡು" ಅಂತ ಯಜಮಾನ ನಗ್ತಾ ಹಾರಿ ಹೋದ.

ಮುಂಗಾರಿಗೆ ಮುಂಚೆ ಒಂದು ಗಾಳಿಮಳೆ ಬರುತ್ತಲ್ಲ, ಬಂತು ಮಾರನೇ ಮಧ್ಯಾಹ್ನಾನೇ. ಬಿಸಿಲು ಇದ್ದಂಗೇ ಆಕಾಶ ಕಪ್ಪಾಯ್ತು. ಯಜಮಾನ ಗುಡ್ಡದಾಚೆ ಹಣ್ಣಿಗೆ ಹೋಗಿದ್ದ. ಚುಕ್ಕಿ ಇರುವೆಗೆ ಅಂತ ದೂರ ಹೋಗಿದ್ಲು. ಹಳ್ಳದ ಕಡೆಯಿಂದ ಗಾಳಿ ನುಗ್ತು, ಗೂಳಿ ಕೊಂಬು ತಗ್ಸಿ ನುಗ್ಗೋ ಹಂಗೆ.

ಬುಡದಲ್ಲಿ ಲಟಕ್ ಅಂತು.

ಒಳಗಿಂದ ಅಮ್ಮಾವ್ರು ಕೂಗಿದ್ರು. "ಕೆಂಚಾ! ಏನಪ್ಪಾ ಅದು? ಮರ ವಾಲ್ತಿದೆ!"

ಕೆಂಚ ಬಾಗಿಲ ಹತ್ರ ಬಂದು ಕೂತ.

"ಬಾಗಿಲು ಒಡಿಯೋ ಕೆಂಚಾ! ನನ್ನ ಕೊಕ್ಕಿಗೆ ಬಗ್ತಾ ಇಲ್ಲ! ಹೊರಗಿಂದ ಕುಟ್ಟೋ!"

"ಅಮ್ಮಾ... ಯಜಮಾನ್ರು ಬರ್ಲಿ ಅಮ್ಮಾ. ಒಂದ್ ಮಾತು ಕೇಳ್ಬಿಟ್ಟು ಒಡೀತೀನಿ."

ಹಾಲುವಾಣದ ಮರದಿಂದ ಕುಟ್ರಕ್ಕ ಗಾಳೀಲಿ ತೂರಾಡ್ಕೊಂಡು ಬಂದು ಬಾಗಿಲಿಗೆ ಅಂಟ್ಕೊಂಡ್ಲು. ತಾನೇ ಮೆತ್ತಿದ ಮಣ್ಣು, ತಾನೇ ಕಚ್ಚಿ ಕಚ್ಚಿ ಎಳೆದ್ಲು. ಬರ್ಲಿಲ್ಲ. ಅಂಟು ಕಲಸಿದ್ಲಲ್ಲ, ಕಲ್ಲಾಗಿತ್ತು.

"ನನ್ನ ಕೊಕ್ಕು ಮೊಂಡು ಕಣೋ! ನಿಂದು ಹಾಕೋ! ನಿಂದು ಉಳಿ ಇದ್ದಂಗೈತಲ್ಲೋ!"

"ಯಜಮಾನ್ರ ಬಾಗಿಲು ಕಣಕ್ಕ. ಒಡೆದ್ಮೇಲೆ ಮರ ಬೀಳದಿದ್ರೆ? ಅಮ್ಮಾವ್ರಿಗೆ ರೆಕ್ಕೆ ಇಲ್ಲ, ಮರಿ ಚಿಕ್ಕದು. ಬಾಗಿಲು ಒಡೆದೋನು ಯಾರು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಬೀಳದಿದ್ರೆ ನಾನು ಮತ್ತೆ ಮೆತ್ಕೊಡ್ತೀನೋ! ಹಾಳಾದೋನೆ, ಕುಟ್ಟೋ!"

ಲಟ ಲಟ ಅಂತು ಬುಡ. ಕೆಳಗಿಂದ ಕೆಂಚನ ಮರಿಗಳು ಚೀರಿದ್ವು. ಅವು ಚೀರಿದ್ಮೇಲೆ ಇವನ ಮೈಗೆ ಜೀವ ಬಂತು. ಆಗ ಕುಟ್ದ ನೋಡಿ. ಜನ್ಮದಲ್ಲಿ ಹಂಗೆ ಕುಟ್ಟಿರ್ಲಿಲ್ಲ. ಮಣ್ಣು ಚೂರು ಚೂರಾಗಿ ಹಾರ್ತು. ಸೀಳು ಅಗಲ ಆಯ್ತು. ಅಮ್ಮಾವ್ರ ಕೊಕ್ಕು ಆಚೆ ಬಂತು, ಆಮೇಲೆ ಒಂದು ಕಣ್ಣು ಕಾಣಿಸ್ತು. ಇನ್ನೊಂದಿಷ್ಟು. ಇನ್ನೊಂದೇ ಒಂದಿಷ್ಟು ಕುಟ್ಟಿದ್ರೆ ಸಾಕಾಗಿತ್ತು.

ಮರ ಹೋಯ್ತು.

ಬಿದ್ದ ಸದ್ದಿಗೆ ಹಳ್ಳದ ನೀರು ಎಗರ್ತು ಅಂತಾರೆ. ಟೊಳ್ಳು ಇದ್ದಿದ್ದು ಹಳ್ಳದ ಕಡೆ, ಗಾಳಿ ಬಂದಿದ್ದೂ ಹಳ್ಳದ ಕಡೆಯಿಂದ. ಅದಕ್ಕೆ ಮರ ಹಳ್ಳ ಬಿಟ್ಟು ಈಚೆ ಕಡೆಗೆ ಬಿತ್ತು, ಗಟ್ಟಿ ಕಡೇನೇ ಕೆಳಗಾಗಿ. ಕೆಂಚ ಹುಡುಕಿ ಹುಡುಕಿ ಆರಿಸ್ಕೊಂಡಿದ್ದ ಕಡೆ. ಅವನ ಪೊಟರೆ ಬಾಯಿ ನೆಲಕ್ಕೆ ಒತ್ಕೊಂಡು ಮುಚ್ಚಿ ಹೋಯ್ತು. ಅದರ ಮೇಲೆ ಇಡೀ ಮರ.

ಮಳೆ ಸುರೀತು. ಕೆಂಚ ಮೇಲಿನ ಪೊಟರೆಗೆ ಓಡ್ದ. ಅಲ್ಲಿ ಕೂಗು ನಿಂತೋಗಿತ್ತು. ಕೆಳಗಿನ ಪೊಟರೆ ಹತ್ರ ಓಡ್ದ. ನೆಲಕ್ಕೂ ಮರಕ್ಕೂ ನಡುವೆ ಕೊಕ್ಕು ತೂರಿಸ್ದ. ಒಳಗಿಂದ ಸಣ್ಣಗೆ ಸದ್ದು ಬರ್ತಿತ್ತು. ಕುಟ್ದ, ಕುಟ್ದ, ಕುಟ್ದ. ಗಟ್ಟಿ ಮರ. ಟಣ್, ಟಣ್, ಟಣ್. ಕೊಕ್ಕಿನ ತುದಿ ಮುರೀತು. ಆಮೇಲೆ ಒಳಗಿನ ಸದ್ದೂ ನಿಂತೋಯ್ತು.

ಯಾಕ್ರೋ ಅಳ್ತೀರ? ಮೊದಲೇ ಹೇಳಿದ್ನಲ್ಲ.

ಮಳೆ ಬಿಟ್ಮೇಲೆ ಚುಕ್ಕಿ ಬಂದ್ಲು. ಕೊಕ್ಕು ತುಂಬ ಇರುವೆ ಮೊಟ್ಟೆ. ಎಲ್ಲಿ ಇಳೀಬೇಕು ಅಂತ ಗೊತ್ತಾಗ್ದೆ ಗಾಳೀಲಿ ಸುತ್ತಿ ಸುತ್ತಿ ಕೊನೆಗೆ ಬಿದ್ದ ಮರದ ಮೇಲೆ ಕೂತ್ಲು. ಮುರಿದ ಬುಡ ಅವಳ ಕಣ್ಣೆದುರಿಗಿತ್ತು. ಒಳಗೆಲ್ಲ ಹಿಟ್ಟು. ಆ ಹಿಟ್ಟಿನ ನಡುವೆ ತುರುಕಿದ ಪಾಚಿ.

"ನಿಮ್ಗೆ ಗೊತ್ತಿತ್ತಾ?" ಅಂದ್ಲು.

ಕೆಂಚ ತಲೆ ಎತ್ತಲಿಲ್ಲ. "ನಮ್ದು ಗಟ್ಟಿ ಕಡೇನೇ ಮಾಡಿದ್ದೆ ಕಣೇ."

ಚುಕ್ಕಿ ಇರುವೆ ಮೊಟ್ಟೆಗಳನ್ನ ಮರದ ಮೇಲೆ ಇಟ್ಲು, ಮರಿಗಳ ಬಾಯಿಗೆ ಇಡೋ ಹಂಗೆ ಒಂದೊಂದಾಗಿ. ಇಟ್ಟು ಹಾರಿ ಹೋದ್ಲು. ಆ ಕಾಡಲ್ಲಿ ಮತ್ತೆ ಯಾರೂ ಅವಳನ್ನ ನೋಡ್ಲಿಲ್ಲ.

ಕುಟ್ರಕ್ಕ ಒಡೆದ ಬಾಗಿಲ ಮುಂದೆ ಕೂತೇ ಇದ್ಲು. "ಇಷ್ಟು ಗಟ್ಟಿ ಮೆತ್ತಬಾರ್ದಿತ್ತು ನಾನು. ಇಷ್ಟು ಗಟ್ಟಿ ಮೆತ್ತಬಾರ್ದಿತ್ತು" ಅಂತ ಅದನ್ನೇ ಹೇಳ್ತಿದ್ಲು. ತಪ್ಪು ಅವಳದ್ದಲ್ಲ. ಮರ ತಟ್ಟಿದೀಯಾ ಅಂತ ಕೇಳಿದೋಳೂ ಅವಳೇ ಅಲ್ವಾ? ಆದ್ರೂ ಹಂಗೇ ನೋಡಿ. ತನ್ನದು ಅಂತ ಮಾಡಿದೋರಿಗೆ ನೋವೂ ತನ್ನದೇ ಆಗುತ್ತೆ. ಆ ವರ್ಷ ಕಲ್ಲಳ್ಳದ ಕಾಡಲ್ಲಿ ಕುಟ್ರ ಹಕ್ಕಿ ಕೂಗು ಕೇಳ್ಲಿಲ್ಲ.

ಸಂಜೆ ಮುಂದೆ ಗುಡ್ಡದ ಕಡೆಯಿಂದ ರೆಕ್ಕೆ ಸದ್ದು ಬಂತು. ಯಜಮಾನ. ಗಂಟಲು ತುಂಬ ಹಣ್ಣು. ನಿನ್ನೆ ಹೇಳಿದ್ನಲ್ಲ ಅವ್ನು, ಕೆಂಚನಿಗೂ ಒಂದು ಜಾಸ್ತಿ ತರ್ತೀನಿ ಅಂತ. ತಂದಿದ್ದ.

ಮರ ಇದ್ದ ಜಾಗದಲ್ಲಿ ಬರೀ ಆಕಾಶ ನೋಡಿ ಅವ್ನು ಒಂದು ಸುತ್ತು ಹಾಕ್ದ. ಕೆಳಗೆ ನೋಡ್ದ. ಇಳಿದ. ಒಡೆದ ಬಾಗಿಲ ಹತ್ರ ಹೋಗಿ ಕೊಕ್ಕು ಒಳಗೆ ಹಾಕಿ ತುಂಬ ಹೊತ್ತು ನಿಂತ್ಕೊಂಡ. ಆಮೇಲೆ ಮುರಿದ ಬುಡದ ಹತ್ರ ಬಂದ. ಹಿಟ್ಟು ನೋಡ್ದ. ಪಾಚಿ ನೋಡ್ದ. ಪಾಚಿ ಅಲ್ಲಿ ತಾನಾಗಿ ಬೆಳೆಯಲ್ಲ ಅಂತ ಮಂಗಟ್ಟೆಗೂ ಗೊತ್ತು.

"ಕೆಂಚ" ಅಂದ. ಬೈಯೋ ದನಿ ಅಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. "ನಿಂಗೆ ಗೊತ್ತಿತ್ತೇನಪ್ಪಾ?"

"ಗೊತ್ತಿತ್ತು ಯಜಮಾನ್ರೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಕೆಂಚನಿಗೆ ಬೇರೆ ಮಾತು ಬರ್ತಿರ್ಲಿಲ್ಲ. ಜೀವಮಾನ ಪೂರ್ತಿ ಅದೊಂದೇ ಮಾತು ಕಲ್ತಿದ್ದ.

"ನೀವು ಪೊಟರೆ ಹೆಂಗಿದೆ ಅಂತ ಕೇಳಿದ್ರಿ ಯಜಮಾನ್ರೆ. ಮರ ಕೇಳ್ಲಿಲ್ಲ."

ಯಜಮಾನ ಅವನನ್ನೇ ನೋಡ್ದ. "ಹೌದು" ಅಂದ. "ಕೇಳ್ಲಿಲ್ಲ."

ಗಂಟಲಲ್ಲಿದ್ದ ಹಣ್ಣು ಒಂದೊಂದೇ ಒಡೆದ ಬಾಗಿಲ ಮುಂದೆ ಕಕ್ಕಿ ಇಟ್ಟ. ಒಂದು ಮಾತ್ರ ತಂದು ಕೆಂಚನ ಮುಂದೆ ಇಟ್ಟ. ಅವತ್ತಿನ ಕೂಲಿ. ಇಟ್ಟು, ಬಂದ ದಾರೀಲೇ ಗುಡ್ಡದಾಚೆ ಹೋದ.

ಬುದ್ಧಿ ಬಂತಾ ಅಂತ ಕೇಳ್ತೀರ ನೀವು. ಎಲ್ಲಾ ಕತೇಲೂ ಕೊನೆಗೆ ಬುದ್ಧಿ ಬರುತ್ತಲ್ಲ. ಬಂತು. ಮುರಿದ ಕೊಕ್ಕಲ್ಲೇ ಕಾಡೆಲ್ಲ ಸುತ್ತಿ ಒಂದೊಂದು ಮರ ತಟ್ಟೋಕೆ ಶುರು ಮಾಡ್ದ. ಯಾರೂ ಕೇಳ್ದೆ ಹೋಗಿ ಹೇಳ್ತಿದ್ದ. "ಗಿಳಿಯಕ್ಕಾ, ಇದು ಟೊಳ್ಳು, ಇಲ್ಲಿ ಬೇಡ. ಗೂಬೆಯಣ್ಣಾ, ಬುಡ ಹೋಗೈತೆ, ಬೇರೆ ನೋಡ್ಕೊ."

ಅವರೇನಂದ್ರು ಗೊತ್ತಾ? "ನೀನು ಆ ತಾರೆ ಮರದ ಕೆಂಚ ಅಲ್ವಾ? ಹೋಗೋ ಹೋಗೋ, ನಿನ್ನ ಮಾತು ಯಾರು ನಂಬ್ತಾರೆ" ಅಂದ್ರು. ಅಂದು ಆ ಟೊಳ್ಳು ಮರದಲ್ಲೇ ಮೊಟ್ಟೆ ಇಟ್ರು.

ಹೇಳ್ಬೇಕಾದಾಗ ಹೇಳ್ಲಿಲ್ಲ. ಈಗ ಹೇಳ್ತಾನೆ, ಕೇಳೋರಿಲ್ಲ. ಅಷ್ಟೇ ಕತೆ. ಏಳಿ, ಮನೆಗೆ ಹೋಗಿ. ಹೋಗ್ತಾ ದಾರೀಲಿ ಯಾವುದಾದ್ರೂ ಮರಕ್ಕೆ ಒಂದ್ಸಲ ಕಿವಿ ಇಟ್ಟು ತಟ್ಟಿ ನೋಡಿ. ನಿಮ್ಮ ಮರ ಆಗ್ಬೇಕಂತೇನಿಲ್ಲ.

ನೀತಿ: ಮರ ಯಾರದ್ದಾದ್ರೂ ಇರ್ಲಿ, ಕುಟ್ಟಿದಾಗ ಕೇಳಿದ ಸದ್ದು ಕುಟ್ಟಿದೋನದ್ದು. ಯಜಮಾನ ಕೇಳ್ಲಿ ಅಂತ ಕಾಯೋ ಆಳು ಯಜಮಾನನ ಮನೆ ಜೊತೆ ತನ್ನ ಮನೇನೂ ಕಳ್ಕೊಳ್ತಾನೆ.